ಯಾದಗಿರಿ ಒಮ್ಮೆ ಲೋಕಸಭಾ ಕ್ಷೇತ್ರವಾಗಿತ್ತು

ಯಾದಗಿರಿ ಲೋಕಸಭಾ ಕ್ಷೇತ್ರದ ಸಂಸದರು ಯಾರು ಎಂದು ಸಗರನಾಡಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ‘ಅಂಥಾದ್ದು ಎಲ್ಲ್ಯದರೀ?’ ಎಂದು ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಅವರ ಮಾತು ಸರಿ. ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ವಿಧಾನಸಭಾ ಕ್ಷೇತ್ರಗಳು ರಾಯಚೂರು ಲೋಕಸಭೆಗೆ ಸೇರಿವೆ. ಅದೇ ಜಿಲ್ಲೆಯ ಗುರುಮಠಕಲ್ ಮಾತ್ರ ಕಲಬುರಗಿಗೆ. ಜಿಲ್ಲೆ ಒಂದು, ಸಂಸದರು ಇಬ್ಬರು, ಇಬ್ಬರ ಕ್ಷೇತ್ರದ ಹೆಸರಲ್ಲೂ ಯಾದಗಿರಿ ಇಲ್ಲ.

ಆದರೆ ಒಂದು ಸಲ ಇತ್ತು. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿ, ಅಂದರೆ 1951-52ರಲ್ಲಿ, ಹೈದರಾಬಾದ್ ರಾಜ್ಯಕ್ಕೆ ಹಂಚಿಕೆಯಾದ 25 ಲೋಕಸಭಾ ಸ್ಥಾನಗಳಲ್ಲಿ ಯಾದಗಿರಿಯೂ ಒಂದು. ಕನ್ನಡದ ಸೀಮೆಯಲ್ಲಿ ಅದರ ಜೊತೆಗಿದ್ದವು ಗುಲ್ಬರ್ಗಾ (ಇಂದಿನ ಕಲಬುರಗಿ), ಕುಷ್ಟಗಿ, ಬೀದರ್. ರಾಯಚೂರಿನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ! ಇವತ್ತು ಯಾದಗಿರಿಯನ್ನು ಮಡಿಲಲ್ಲಿ ಇಟ್ಟುಕೊಂಡಿರುವ ರಾಯಚೂರಿಗೆ ಅಂದು ಸ್ವಂತ ಕ್ಷೇತ್ರವಿಲ್ಲ, ಯಾದಗಿರಿಗೆ ಇತ್ತು.

ಆ ಚುನಾವಣೆಯ ಫಲಿತಾಂಶದ ಪಟ್ಟಿಯಲ್ಲಿ ಯಾದಗಿರಿಯ ಎದುರು ಒಂದೇ ಹೆಸರು ಇದೆ: ಕೃಷ್ಣಾಚಾರ್ಯ ಜೋಶಿ, ಕಾಂಗ್ರೆಸ್. ಎಷ್ಟು ಮತದಿಂದ ಗೆದ್ದರು, ಎರಡನೆಯವರು ಯಾರು, ಯಾರ ಠೇವಣಿ ಹೋಯಿತು ಎಂಬ ಮಾತೇ ಅಲ್ಲಿಲ್ಲ. ಅವರು ಅವಿರೋಧವಾಗಿ ಆಯ್ಕೆಯಾಗಿದ್ದರು. ಜಗತ್ತು ಅದುವರೆಗೆ ಕಂಡಿದ್ದ ಅತಿ ದೊಡ್ಡ ಚುನಾವಣೆ ದೇಶದಲ್ಲಿ ನಡೆಯುತ್ತಿದ್ದಾಗ ಯಾದಗಿರಿಯಿಂದ ಸಂಸತ್ತಿಗೆ ಒಬ್ಬರು ಹೋದರು, ಒಂದೇ ಒಂದು ಮತ ಬೀಳದೆ.

ಹೀಗೆ ಆದ ಕ್ಷೇತ್ರಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ತಮಿಳು ಸೀಮೆಯ ಕೊಯಮತ್ತೂರು, ಸೌರಾಷ್ಟ್ರದ ಹಾಲಾರ್, ಹಿಮಾಲಯದ ಮಡಿಲಿನ ಬಿಲಾಸ್‌ಪುರ, ಒಡಿಶಾದ ರಾಯಗಡ-ಫುಲ್ಬಾಣಿ, ಜೊತೆಗೆ ನಮ್ಮ ಯಾದಗಿರಿ. ಬಿಲಾಸ್‌ಪುರದಲ್ಲಿ ಹಾಗೆ ಗೆದ್ದವರು ಅಲ್ಲಿಯ ಮಾಜಿ ಅರಸ ಆನಂದ ಚಂದ್, ಕೊಯಮತ್ತೂರಿನಲ್ಲಿ ಟಿ.ಎ. ರಾಮಲಿಂಗಂ ಚೆಟ್ಟಿಯಾರ್. ಅರಸನ ಎದುರು ನಿಲ್ಲಲು ಜನ ಹಿಂಜರಿದರು ಎಂದರೆ ಅರ್ಥವಾಗುತ್ತದೆ. ಯಾದಗಿರಿಯದ್ದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶಹಾಪುರದ ಹತ್ತಿರ ಸಗರ ಎಂಬ ಊರಿದೆ. ಸಗರನಾಡು ಎಂಬ ಹೆಸರು ಬಂದದ್ದು ಅದರಿಂದ. ಒಂದು ಕಡೆ ಭೀಮಾ, ಇನ್ನೊಂದು ಕಡೆ ಕೃಷ್ಣಾ. ಊರ ಪಕ್ಕದ ಬೆಟ್ಟದ ಸಾಲನ್ನು ದೂರದಿಂದ ನೋಡಿ ಶಹಾಪುರದವರು ಮಲಗಿದ ಬುದ್ಧ ಎನ್ನುತ್ತಾರೆ. ವಚನಕಾರ ದೇವರ ದಾಸಿಮಯ್ಯನ ಮುದನೂರು, ತಿಂಥಣಿಯ ಮೌನೇಶ್ವರ ಇರುವುದು ಸುರಪುರದ ಸೀಮೆಯಲ್ಲಿ. ಬೇಡರ ನಾಯಕರು ಆಳಿದ ಈ ಸುರಪುರವನ್ನು ಬ್ರಿಟಿಷರು ತಮ್ಮ ಕಾಗದಗಳಲ್ಲಿ ಶೋರಾಪುರ ಎಂದು ಬರೆದರು. ಚುನಾವಣಾ ಆಯೋಗ ಇಂದಿಗೂ ಹಾಗೆಯೇ ಬರೆಯುತ್ತಿದೆ.

1841ರಲ್ಲಿ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಇಲ್ಲಿಗೆ ಬಂದ. ಅರಸ ಇನ್ನೂ ಹುಡುಗ. ಹುಡುಗನ ಹೆಸರಿನಲ್ಲಿ ಸಂಸ್ಥಾನ ನೋಡಿಕೊಳ್ಳುವ ಕೆಲಸ ಟೇಲರನದ್ದು. ಆ ಹುಡುಗ ತನ್ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಹುಡುಗ ಬೆಳೆದು ರಾಜಾ ವೆಂಕಟಪ್ಪ ನಾಯಕನಾದ. 1858ರ ಫೆಬ್ರುವರಿಯಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ, ಸೋತ, ಹೈದರಾಬಾದಿಗೆ ಹೋಗಿ ಸೆರೆ ಸಿಕ್ಕ, ಚೆಂಗಲ್ಪಟ್ಟಿಗೆ ಸಾಗಿಸುವಾಗ ದಾರಿಯಲ್ಲಿ ಗುಂಡೇಟಿನಿಂದ ಸತ್ತ. ಟೇಲರನ ಬಂಗಲೆ ಸುರಪುರದ ಗುಡ್ಡದ ಮೇಲೆ ಈಗಲೂ ಇದೆ, ಟೇಲರ್ ಮಂಜಿಲ್ ಎಂಬ ಹೆಸರಿನಲ್ಲಿ. 1860ರಲ್ಲಿ ಬ್ರಿಟಿಷರು ಸುರಪುರ ಸಂಸ್ಥಾನವನ್ನು ನಿಜಾಮನಿಗೆ ಇನಾಮು ಕೊಟ್ಟುಬಿಟ್ಟರು. ದಂಗೆಯ ವರ್ಷ ತಮ್ಮ ಪಕ್ಷ ಬಿಡದೆ ಇದ್ದದ್ದಕ್ಕೆ ಅದು ಬಹುಮಾನ. ಊರು, ಹೊಲ, ಜನ ಎಲ್ಲ ಸೇರಿ ಒಂದು ಕಾಗದದ ಮೇಲೆ ಕೈ ಬದಲಾಯಿತು. ಕೇಳುವ ರೂಢಿ ಆಗ ಎಲ್ಲೂ ಇರಲಿಲ್ಲ, ಇಲ್ಲಿಯೂ ಕೇಳಲಿಲ್ಲ.

ಅಲ್ಲಿಂದ 88 ವರ್ಷ ನಿಜಾಮನ ಕಾಲ. ಕಚೇರಿಯ ಭಾಷೆ ಉರ್ದು. ಹಳ್ಳಿಯಲ್ಲಿ ಸರ್ಕಾರ ಎಂದರೆ ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ. ಈಗ ಇವು ಅಡ್ಡಹೆಸರುಗಳಾಗಿ ಉಳಿದಿವೆ. ಅಂದು ಅವೇ ಅಧಿಕಾರ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲಿ ಹುಟ್ಟುವ ಮೊದಲೇ ನಿಷೇಧಿಸಿದರು. ನಿಷೇಧ ತೆಗೆದದ್ದು 1946ರಲ್ಲಿ. ಎರಡೇ ವರ್ಷಕ್ಕೆ ನಿಜಾಮನ ಪರವಾಗಿ ದಾಳಿ ಮಾಡುತ್ತಿದ್ದ ರಜಾಕಾರರ ಹಾವಳಿ. ಗಡಿ ಭಾಗದ ಎಷ್ಟೋ ಮನೆಗಳವರು ಗಂಟುಮೂಟೆ ಕಟ್ಟಿಕೊಂಡು ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರದ ಕಡೆಗೆ ದಾಟಿಹೋದರು. ಗಡಿಯುದ್ದಕ್ಕೂ ಹೋರಾಟಗಾರರ ಶಿಬಿರಗಳೆದ್ದವು. ಯಾದಗಿರಿಯ ಕಡೆಯ ಕೋಲೂರು ಮಲ್ಲಪ್ಪನವರನ್ನು ಜನ ಹೈದರಾಬಾದ್ ಕರ್ನಾಟಕದ ಗಾಂಧಿ ಎಂದು ಕರೆದದ್ದು ಆ ಹೋರಾಟದ ದಿನಗಳ ನೆನಪಿನಿಂದ. 1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ. ಅದಾದ ಮೇಲೆ ಮಿಲಿಟರಿ ಗವರ್ನರ್ ಜೆ.ಎನ್. ಚೌಧುರಿ, ಅವರ ನಂತರ ಕೇಂದ್ರ ನೇಮಿಸಿದ ಅಧಿಕಾರಿ ಎಂ.ಕೆ. ವೆಲ್ಲೋಡಿ ಮುಖ್ಯಮಂತ್ರಿ. ಅಂದರೆ 1952ರ ತನಕ ಇಲ್ಲಿಯವರು ಯಾರನ್ನೂ ಆರಿಸಿದ್ದೇ ಇಲ್ಲ ಎಂದರೂ ನಡೆಯುತ್ತದೆ.

ಈ ಹಿನ್ನೆಲೆಯಲ್ಲಿ ಬಂತು ಚುನಾವಣೆ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಗಣಿತ ಓದಿದ ಮನುಷ್ಯ, ಲೆಕ್ಕಕ್ಕೆ ಹೆದರದವರು. 17 ಕೋಟಿಗೂ ಹೆಚ್ಚು ಮತದಾರರು, ಅವರಲ್ಲಿ ನೂರಕ್ಕೆ 85 ಮಂದಿ ಅಕ್ಷರ ತಿಳಿಯದವರು. 2,24,000 ಮತಗಟ್ಟೆ, 20 ಲಕ್ಷ ಉಕ್ಕಿನ ಪೆಟ್ಟಿಗೆ, ಅದಕ್ಕೆ 8,200 ಟನ್ ಉಕ್ಕು. ಹೈದರಾಬಾದಿನ ಆಲ್ವಿನ್ ಕಾರ್ಖಾನೆಯೂ ಪೆಟ್ಟಿಗೆ ಮಾಡಿತು. ಮುಂದೆ ಅದೇ ಆಲ್ವಿನ್ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಫ್ರಿಜ್ ಕೊಟ್ಟಿತು. ಇಷ್ಟು ಪೆಟ್ಟಿಗೆ ಏಕೆಂದರೆ ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಬೇರೆ ಪೆಟ್ಟಿಗೆ. ಮೇಲೆ ಚಿಹ್ನೆ ಅಂಟಿಸಿರುತ್ತಿದ್ದರು: ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸೋಷಲಿಸ್ಟರಿಗೆ ಆಲದ ಮರ. ಒಂದು ರೂಪಾಯಿ ನೋಟಿನಷ್ಟಿದ್ದ ಚೀಟಿಯ ಮೇಲೆ ಗುರುತು ಹಾಕುವ ತಾಪತ್ರಯವಿಲ್ಲ. ಬೇಕಾದ ಪೆಟ್ಟಿಗೆಯೊಳಗೆ ಇಳಿಬಿಟ್ಟರೆ ಮತ. ಬೆರಳಿಗೆ ಶಾಯಿ. ಆ ಶಾಯಿ ಮೈಸೂರಿನಿಂದ ಬರತೊಡಗಿದ್ದು ಹತ್ತು ವರ್ಷದ ನಂತರ.

ಒಬ್ಬ ಮತದಾರನಿಗೆ ಎರಡು ಚೀಟಿ, ಒಂದು ಲೋಕಸಭೆಗೆ, ಇನ್ನೊಂದು ರಾಜ್ಯದ ಶಾಸನಸಭೆಗೆ. ಎರಡಕ್ಕೂ ಬೇರೆ ಬೇರೆ ಪೆಟ್ಟಿಗೆಗಳ ಸಾಲು. ಯಾದಗಿರಿ ಕ್ಷೇತ್ರದಲ್ಲಿ ಮೊದಲನೆಯ ಸಾಲಿಗೆ ಕೆಲಸವೇ ಇರಲಿಲ್ಲ. ಕಣದಲ್ಲಿ ಉಳಿದದ್ದು ಒಬ್ಬರೇ. ಸ್ಥಾನ ಎಷ್ಟೋ ಅಭ್ಯರ್ಥಿಗಳೂ ಅಷ್ಟೇ ಉಳಿದರೆ ಚುನಾವಣಾಧಿಕಾರಿ ಕೂಡಲೇ ಅವರನ್ನು ಆಯ್ಕೆಯಾದವರೆಂದು ಘೋಷಿಸಬೇಕು ಎನ್ನುತ್ತದೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 53ನೇ ಕಲಂ. ಶಾಸನಸಭೆಗೆ ಸ್ಪರ್ಧೆ ಇದ್ದ ಕಡೆ ಜನ ಸಾಲು ನಿಂತಿರಬೇಕು, ಶಾಯಿ ಹಚ್ಚಿಸಿಕೊಂಡಿರಬೇಕು, ಒಂದು ಚೀಟಿ ಹಾಕಿ ಮನೆಗೆ ಬಂದಿರಬೇಕು. ದಿಲ್ಲಿಯ ಚೀಟಿ ಅವರ ಕೈಗೆ ಬರಲಿಲ್ಲ.

ಏಕೆ ಯಾರೂ ಎದುರು ನಿಲ್ಲಲಿಲ್ಲ? ನನಗೆ ಕಾಣುವುದು ಎರಡು ಕಾರಣ. ಒಂದು, ಹಣ. ಲೋಕಸಭೆಗೆ ನಿಲ್ಲಲು ಠೇವಣಿ 500 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ಹೈದರಾಬಾದ್ ರಾಜ್ಯದಲ್ಲಿ ನಿಜಾಮನ ಹಾಲಿ ಸಿಕ್ಕಾ ಇನ್ನೂ ಚಲಾವಣೆಯಲ್ಲಿತ್ತು. ಭಾರತದ ಆರು ರೂಪಾಯಿಗೆ ಅಲ್ಲಿಯ ಏಳು. ಮಳೆ ನಂಬಿದ ಜೋಳದ ಹೊಲಗಳ ಸೀಮೆಯಲ್ಲಿ ಅಷ್ಟು ಹಣ ಕಳೆದುಕೊಳ್ಳಲು ಸಿದ್ಧನಾಗುವವನು ಸಿರಿವಂತನೇ ಆಗಬೇಕು. ಎರಡು, ಸಂಘಟನೆ. ತೆಲಂಗಾಣದಲ್ಲಿ ಭೂಮಿಯ ಹೋರಾಟದಿಂದ ಬಂದ ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್ ಇತ್ತು. ಅದರ ರವಿ ನಾರಾಯಣ ರೆಡ್ಡಿ ನಲಗೊಂಡದಲ್ಲಿ ನೆಹರೂ ಅವರಿಗಿಂತ ಹೆಚ್ಚು ಮತ ಪಡೆದು ಗೆದ್ದರು. ಭೀಮೆಯ ಈ ಕಡೆ ಅಂಥ ಬಲದ ಇನ್ನೊಂದು ಪಕ್ಷ ಬೇರು ಬಿಟ್ಟಿರಲಿಲ್ಲ. ರಜಾಕಾರರ ವಿರುದ್ಧ ನಿಂತವರು ಕಾಂಗ್ರೆಸ್ಸಿನವರು, ಜೈಲಿಗೆ ಹೋದವರೂ ಅವರೇ. ಪಕ್ಕದ ಗುಲ್ಬರ್ಗಾದಲ್ಲಿ ಚಳವಳಿಯ ನಾಯಕ ಸ್ವಾಮಿ ರಮಾನಂದ ತೀರ್ಥರೇ ಅಭ್ಯರ್ಥಿ. ಆ ಗಾಳಿಯ ಎದುರು ಕಾಗದ ಸಲ್ಲಿಸಿ ನಿಲ್ಲುವುದೆಂದರೆ ಊರವರ ಕಣ್ಣಲ್ಲಿ ಹಳೆಯ ನಿಜಾಮಶಾಹಿಯ ಪಕ್ಷಕ್ಕೆ ಹೋದಂತೆ ಕಂಡಿದ್ದರೂ ಆಶ್ಚರ್ಯವಿಲ್ಲ.

ಆದರೂ ಇದು ಪೂರ್ತಿ ಉತ್ತರವಲ್ಲ, ಏಕೆಂದರೆ ಕುಷ್ಟಗಿ ಇದೆ. ಅದೂ ನಿಜಾಮನ ಸೀಮೆ, ಅಲ್ಲಿಯೂ ಬಡತನ, ಅಲ್ಲಿಯೂ ರಜಾಕಾರರ ಗಾಯ ಆರಿರಲಿಲ್ಲ. ಅಲ್ಲಿ ಗೆದ್ದದ್ದು ಪಕ್ಷೇತರ ಅಭ್ಯರ್ಥಿ, ಶಿವಮೂರ್ತಿ ಸ್ವಾಮಿ ಅಳವಂಡಿ. ಮುಂಡರಗಿ ಶಿಬಿರದ ಹೋರಾಟಗಾರ, ಜನ ಕಣ್ಣಾರೆ ಕಂಡವರು. ಕಾಂಗ್ರೆಸ್ಸಿನ ಗಾಳಿಯಲ್ಲೂ ಇನ್ನೊಬ್ಬರು ನಿಂತು ಗೆಲ್ಲಬಹುದಿತ್ತು ಎಂಬುದಕ್ಕೆ ಕೃಷ್ಣೆಯ ಆಚೆಯ ದಂಡೆಯೇ ಸಾಕ್ಷಿ. ಯಾದಗಿರಿಗೆ ಅಂಥ ಒಬ್ಬ ಅಳವಂಡಿ ಸಿಗಲಿಲ್ಲ.

ಹಳ್ಳಿಗಳಲ್ಲಿ ‘ಅವಿರೋಧ’ ಎಂದರೆ ಇಂದಿಗೂ ಒಂದು ಹೆಮ್ಮೆ. ಹಿರಿಯರು ಗುಡಿಯಲ್ಲಿ ಕೂತು ಮಾತಾಡಿ ಪಂಚಾಯತಿಗೆ ಒಬ್ಬರನ್ನು ಒಪ್ಪಿಸಿದರೆ ಊರು ಒಂದಾಗಿದೆ ಎಂದು ಪತ್ರಿಕೆಯಲ್ಲಿ ಹಾರ ಹಾಕಿದ ಫೋಟೊ ಬರುತ್ತದೆ. ಆ ಒಪ್ಪಿಗೆ ಎಷ್ಟೋ ಸಲ ಸ್ಥಾನವನ್ನು ಸವಾಲಿಗೆ ಹಚ್ಚಿ ಪಡೆದದ್ದು ಎಂಬ ಸುದ್ದಿ ಮರುದಿನ ಬರುತ್ತದೆ, ಅದು ಬೇರೆ ಮಾತು. 1952ರ ಯಾದಗಿರಿಯಲ್ಲಿ ಅಂಥ ವ್ಯವಹಾರ ನಡೆಯಿತೆಂದು ನಾನು ಹೇಳುತ್ತಿಲ್ಲ. ಜೋಶಿಯವರನ್ನು ಜನ ಬೇಡ ಎನ್ನುತ್ತಿದ್ದರೆಂದೂ ಅಲ್ಲ. ಬೇಕು ಎಂದು ಹೇಳುವ ಅವಕಾಶವೂ ಜನರಿಗೆ ಸಿಗಲಿಲ್ಲ, ಅಷ್ಟೇ.

ಸರಿಸುಮಾರು ಅದೇ ದಿನಗಳಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ವಯಸ್ಕ ಮತದಾನದ ಇನ್ನೊಂದು ಮೊದಲ ಚುನಾವಣೆ ನಡೆದಿತ್ತು. ಇಂದಿನ ಘಾನಾ, ಅಂದಿನ ಗೋಲ್ಡ್ ಕೋಸ್ಟ್. ಅದೂ ಬ್ರಿಟಿಷರ ವಸಾಹತು. 1951ರ ಫೆಬ್ರುವರಿ 8ರಂದು ಅಲ್ಲಿ ಮತದಾನ. ಪಟ್ಟಣಗಳಲ್ಲಿ ಜನ ನೇರವಾಗಿ ಮತ ಹಾಕಿದರು, ಹಳ್ಳಿಗಳಲ್ಲಿ ಪ್ರತಿನಿಧಿಗಳ ಮೂಲಕ. ಸ್ವಾತಂತ್ರ್ಯ ಹೋರಾಟದ ನಾಯಕ ಕ್ವಾಮೆ ಎನ್‌ಕ್ರುಮಾ ಆಗ ಆಕ್ರಾ ನಗರದ ಜೇಮ್ಸ್ ಕೋಟೆಯ ಸೆರೆಮನೆಯಲ್ಲಿದ್ದರು. ಸೆರೆಯಿಂದಲೇ ಸ್ಪರ್ಧಿಸಿದರು. ಆಕ್ರಾದಲ್ಲಿ ಚಲಾವಣೆಯಾದ 23,122 ಮತಗಳಲ್ಲಿ 22,780 ಅವರಿಗೆ ಬಿದ್ದವು. ಅವರ ಪಕ್ಷ 38 ಸ್ಥಾನಗಳಲ್ಲಿ 34 ಗೆದ್ದಿತು. ನಾಲ್ಕೇ ದಿನಕ್ಕೆ ಬ್ರಿಟಿಷ್ ಗವರ್ನರ್ ಕೈದಿಯನ್ನು ಬಿಡಿಸಿ ಸರ್ಕಾರ ನಡೆಸಲು ಕರೆದ. ಅಲ್ಲಿ ಜೈಲಿನಲ್ಲಿದ್ದವನಿಗೆ ಜನ ಮತ ಹಾಕಿದರು. ಇಲ್ಲಿ ಹೊರಗಿದ್ದವರಿಗೆ ಹಾಕಲಾಗಲಿಲ್ಲ.

ಆದರೆ ಆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಘಾನಾ 1957ರಲ್ಲಿ ಸ್ವತಂತ್ರವಾಯಿತು. 1964ರಲ್ಲಿ ಎನ್‌ಕ್ರುಮಾ ದೇಶವನ್ನು ಏಕಪಕ್ಷ ರಾಷ್ಟ್ರ ಮಾಡಿದರು. 1965ರ ಜೂನ್‌ನಲ್ಲಿ ಪಾರ್ಲಿಮೆಂಟ್ ಚುನಾವಣೆ ಎಂದು ಘೋಷಣೆಯಾಯಿತು. 198 ಸ್ಥಾನ, 198 ಅಭ್ಯರ್ಥಿಗಳು, ಎಲ್ಲರೂ ಒಂದೇ ಪಕ್ಷದವರು. ಮತದಾನ ನಡೆಯಲೇ ಇಲ್ಲ. ಎಲ್ಲರೂ ಅವಿರೋಧ ಆಯ್ಕೆ. ಎಂಟು ತಿಂಗಳ ಮೇಲೆ, 1966ರ ಫೆಬ್ರುವರಿ 24ರಂದು, ಎನ್‌ಕ್ರುಮಾ ವಿದೇಶ ಪ್ರವಾಸದಲ್ಲಿದ್ದಾಗ ಸೈನ್ಯ ಅವರನ್ನು ಇಳಿಸಿತು. ಒಂದು ಕಾಲಕ್ಕೆ ನೂರಕ್ಕೆ 98 ಮತ ಕೊಟ್ಟಿದ್ದ ಆಕ್ರಾದ ಬೀದಿಗಳಲ್ಲಿ ಜನ ಕುಣಿದರು. ಯಾದಗಿರಿಯನ್ನು ಇದಕ್ಕೆ ಹೋಲಿಸುವುದು ಅನ್ಯಾಯ. ಇಲ್ಲಿ ಬಾಗಿಲು ತೆರೆದಿತ್ತು, ಯಾರೂ ಒಳಗೆ ಬರಲಿಲ್ಲ. ಅಲ್ಲಿ ಬಾಗಿಲಿಗೇ ಬೀಗ. ನಮ್ಮ ಸುಕುಮಾರ್ ಸೇನರು 1953ರಲ್ಲಿ ಸುಡಾನಿಗೆ ಹೋಗಿ ಅಲ್ಲಿಯ ಮೊದಲ ಪಾರ್ಲಿಮೆಂಟ್ ಚುನಾವಣೆ ನಡೆಸಿಕೊಟ್ಟು ಬಂದರು. ಸುಡಾನಿಗೆ ಚುನಾವಣೆ ನಡೆಸಿಕೊಟ್ಟ ದೇಶದಲ್ಲೂ ಮತ ಕಾಣದ ಒಂದು ಮೂಲೆ ಇತ್ತೆಂಬುದನ್ನು ಮರೆಯಬಾರದು.

ಯಾದಗಿರಿಗೆ ಎರಡನೆಯ ಅವಕಾಶ ಬರಲಿಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ಬೀದರ್, ಗುಲ್ಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ಆಂಧ್ರಕ್ಕೆ ಹೋದವು. 1957ರ ಲೋಕಸಭಾ ಚುನಾವಣೆಯ ಹೊತ್ತಿಗೆ ಕ್ಷೇತ್ರಗಳ ಪಟ್ಟಿಯಲ್ಲಿ ಯಾದಗಿರಿಯ ಹೆಸರಿಲ್ಲ, ಕುಷ್ಟಗಿಯೂ ಇಲ್ಲ. ರಾಯಚೂರು ಬಂತು. ಗುಲ್ಬರ್ಗಾ ಇಬ್ಬರು ಸದಸ್ಯರ ಕ್ಷೇತ್ರವಾಗಿ ಮಹಾದೇವಪ್ಪ ರಾಂಪುರೆ, ಶಂಕರ ದೇವ ಇಬ್ಬರನ್ನೂ ದಿಲ್ಲಿಗೆ ಕಳಿಸಿತು.

ಅಲ್ಲಿಂದಾಚೆಗೆ ಈ ಭಾಗದ ಮತದಾರ ಸುಮ್ಮನೆ ಕೂತವನಲ್ಲ. 1967ರಲ್ಲಿ ರಾಯಚೂರು ಲೋಕಸಭೆಗೆ ಕಾಂಗ್ರೆಸ್ಸನ್ನು ಸೋಲಿಸಿ ಸ್ವತಂತ್ರ ಪಕ್ಷದ ಆರ್.ವಿ. ನಾಯಕ್ ಗೆದ್ದರು. ಗುರುಮಠಕಲ್ 1972ರಿಂದ ಎಂಟು ಸಲ ಬಿಡದೆ ಮಲ್ಲಿಕಾರ್ಜುನ ಖರ್ಗೆಯವರನ್ನೇ ವಿಧಾನಸಭೆಗೆ ಕಳಿಸಿತು. ಪ್ರತಿ ಸಲವೂ ಎದುರಾಳಿ ಇದ್ದರು. 2004ರಲ್ಲಿ ವಿಜಯ ಸಂಕೇಶ್ವರರ ಕನ್ನಡ ನಾಡು ಪಕ್ಷ ಇಡೀ ರಾಜ್ಯದಲ್ಲಿ ಗೆದ್ದ ಒಂದೇ ವಿಧಾನಸಭಾ ಸ್ಥಾನ ಸುರಪುರ. 2008ರ ಪುನರ್ವಿಂಗಡಣೆಯಲ್ಲಿ ರಾಯಚೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ನಾಯಕರ ಸೀಮೆಗೆ ಇದು ಸಲ್ಲಬೇಕಾದದ್ದೇ. 2014ರಲ್ಲಿ ಅಲ್ಲಿ ಬಿ.ವಿ. ನಾಯಕ್ ಗೆದ್ದದ್ದು 1,499 ಮತಗಳಿಂದ. ಅಂಥ ಚುನಾವಣೆಯಲ್ಲಿ ಯಾದಗಿರಿ ಬಳಿಯ ವಡಗೇರಾದ ಒಂದೆರಡು ಮತಗಟ್ಟೆಯೇ ದಿಲ್ಲಿಗೆ ಯಾರು ಎಂಬುದನ್ನು ತೀರ್ಮಾನಿಸಬಹುದು.

2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಯಿತು. ಜಿಲ್ಲಾಧಿಕಾರಿ ಬಂದರು, ಜಿಲ್ಲಾ ಪಂಚಾಯತಿ ಬಂತು, ಲೋಕಸಭಾ ಕ್ಷೇತ್ರ ಬರಲಿಲ್ಲ.

ಅವಿರೋಧ ಆಯ್ಕೆಯ ಮಾತು ದೇಶದಲ್ಲಿ ಮತ್ತೆ ಎದ್ದದ್ದು 2024ರ ಏಪ್ರಿಲ್ 22ರಂದು. ಸೂರತ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗಿ, ಉಳಿದವರು ಹಿಂದೆ ಸರಿದು, ಬಿಜೆಪಿಯ ಮುಕೇಶ್ ದಲಾಲ್ ಮತದಾನವಿಲ್ಲದೆ ಸಂಸದರಾದರು. ಯಾರೂ ಬೇಡ ಎನ್ನಲು 2013ರಿಂದ ‘ನೋಟಾ’ ಇದೆಯಲ್ಲ, ಒಬ್ಬನೇ ಇದ್ದರೂ ಜನರನ್ನು ಕೇಳಬೇಡವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಹೋಯಿತು. ಟಿವಿಯಲ್ಲಿ ಎರಡು ದಿನ ಅದೇ ಚರ್ಚೆ. ಯಾದಗಿರಿಯ ಹೆಸರನ್ನು ನಾನಂತೂ ಕೇಳಲಿಲ್ಲ.

ಅದಾದ ಹದಿನೈದು ದಿನಕ್ಕೆ, ಮೇ 7ರಂದು, ಸುರಪುರದವರು ಒಂದೇ ದಿನ ಎರಡು ಮತ ಹಾಕಿದರು. ಶಾಸಕ ರಾಜಾ ವೆಂಕಟಪ್ಪ ನಾಯಕರು (1858ರ ಅರಸನದ್ದೇ ಹೆಸರು) ಫೆಬ್ರುವರಿಯಲ್ಲಿ ತೀರಿಕೊಂಡಿದ್ದರಿಂದ ಅಲ್ಲಿ ವಿಧಾನಸಭೆಗೆ ಉಪಚುನಾವಣೆ ಇತ್ತು. ಒಂದು ಯಂತ್ರ ಲೋಕಸಭೆಗೆ, ಒಂದು ವಿಧಾನಸಭೆಗೆ. ಲೋಕಸಭೆಗೆ ಜಿ. ಕುಮಾರ ನಾಯಕ ಗೆದ್ದರು, ವಿಧಾನಸಭೆಗೆ ತೀರಿಕೊಂಡವರ ಮಗ ರಾಜಾ ವೇಣುಗೋಪಾಲ ನಾಯಕ. ಎರಡು ಸದನಕ್ಕೆ ಎರಡು ಮತ ಎಂಬ 1952ರ ಏರ್ಪಾಟು ಆ ದಿನ ಸಗರನಾಡಿನ ಒಂದು ತಾಲ್ಲೂಕಿನಲ್ಲಿ ಮತ್ತೆ ಕಂಡಿತು.

ಕ್ಷೇತ್ರಗಳ ಮುಂದಿನ ಪುನರ್ವಿಂಗಡಣೆ ಬರುವ ಜನಗಣತಿಯ ನಂತರ ನಡೆಯಬೇಕು. 2011ರ ಲೆಕ್ಕದಲ್ಲಿ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11.74 ಲಕ್ಷ; ರಾಜ್ಯದ 6.11 ಕೋಟಿಯನ್ನು 28 ಸ್ಥಾನಕ್ಕೆ ಹಂಚಿದರೆ ಒಂದೊಂದಕ್ಕೆ ಸುಮಾರು 22 ಲಕ್ಷ ಬರುತ್ತದೆ. ಜಿಲ್ಲೆಯೊಂದೇ ಸಾಲದು, ನೆರೆಯ ತಾಲ್ಲೂಕುಗಳು ಸೇರಬೇಕು. 1952ರ ಕ್ಷೇತ್ರವೂ ಒಂದೇ ತಾಲ್ಲೂಕಿನದಾಗಿರಲಿಲ್ಲ. ಪುನರ್ವಿಂಗಡಣಾ ಆಯೋಗ ಊರೂರಿಗೆ ಬಂದು ಅಹವಾಲು ಕೇಳುವಾಗ ಯಾದಗಿರಿ, ಶಹಾಪುರ, ಸುರಪುರದವರು ಹೋಗಿ ಆ ಹಳೆಯ ಹೆಸರನ್ನು ಬರೆಸಿ ಬರಲಿ. ಅವರ ಮೊದಲ ಓಟು ಇನ್ನೂ ಬಾಕಿ ಇದೆ.